ಯಾವ ಕಟರ್, ಯಾವ ಇನ್ಸರ್ಟ್? ಮಿಲ್ಲಿಂಗ್ ಮಾಡೋರಿಗೆ ತುಮಕೂರಿನ ಶೆಡ್ಡಿಂದ ಒಂದಿಷ್ಟು ಲೆಕ್ಕ

"ಅಣ್ಣಾ, ಒಳ್ಳೆ ಇನ್ಸರ್ಟ್ ಯಾವುದು ಹೇಳಿ, ತರಿಸ್ತೀನಿ" ಅಂತ ಫೋನ್ ಮಾಡ್ತಾರೆ ಹುಡುಗ್ರು. ಇನ್ಸರ್ಟ್ ಅಂದ್ರೆ ಮಿಲ್ಲಿಂಗಲ್ಲಿ ತಿರುಗ್ತಾ ಲೋಹ ಕಡಿಯೋ ಕಟರಿಗೆ ಸ್ಕ್ರೂ ಹಾಕಿ ಕೂರಿಸೋ ಸಣ್ಣ ಕಾರ್ಬೈಡ್ ಹಲ್ಲು. ನಾನು ವಾಪಸ್ ಕೇಳೋದು ಮೂರೇ ಮಾತು, ಏನು ಮೆಟೀರಿಯಲ್ಲು, ಯಾವ ಮಷಿನ್ನು, ಜಾಬ್ (ಕಡಿಯಬೇಕಾದ ತುಂಡು) ಹೆಂಗೆ ಹಿಡ್ದಿದೀಯ. ಆ ಕಡೆ ಸೈಲೆಂಟು. ಇನ್ಸರ್ಟ್ ಅನ್ನೋದು ಕೊನೇಲಿ ಆರಿಸೋ ಸಾಮಾನು ಕಣ್ರೀ, ನಾವು ಅದನ್ನೇ ಮೊದಲು ಹಿಡ್ಕೊಂಡು ಕೂತಿರ್ತೀವಿ. ಚಪ್ಪಲಿ ಅಂಗಡಿಗೆ ಹೋಗಿ ಕಾಲು ತೋರಿಸದೆ ಒಳ್ಳೆ ಚಪ್ಪಲಿ ಕೊಡಿ ಅಂದಂಗೆ.

ಅಂತರಸನಹಳ್ಳಿ ಕಡೆ ಒಂದು ಸಣ್ಣ ಶೆಡ್ ನಮ್ಮದು. ಒಂದು ಹಳೇ ಎಚ್‌ಎಂಟಿ ಎಫ್‌ಎನ್ 2 ಮಿಲ್ಲಿಂಗು, ಒಂದು ಬಿಟಿ 40 (ಟೂಲ್ ಹಿಡಿಯೋ ಟೇಪರ್ ಅಳತೆ) ವಿಎಂಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮಲ್ಲಿ ಓಡೋ ಮಿಲ್ಲಿಂಗ್ ಮಷಿನ್ನು, ಅಷ್ಟೇ. ಇದರ ಮೇಲೆ ದುಡ್ಡು ಕಳ್ಕೊಂಡು ಕಲಿತಿದ್ದನ್ನ ನಾನು ಆರಿಸೋ ಕ್ರಮದಲ್ಲೇ ಹೇಳ್ತೀನಿ.

ಸ್ಟೆಪ್ 1: ಮೆಟೀರಿಯಲ್ ಏನು ಅಂತ ಗಟ್ಟಿ ಮಾಡ್ಕೊಳ್ಳಿ

ಇನ್ಸರ್ಟ್ ಡಬ್ಬಿ ಮೇಲೆ ಬಣ್ಣದ ಚೌಕಗಳು ಇರ್ತವಲ್ಲ, ಅದು ಚೆಂದಕ್ಕೆ ಹಾಕಿರೋದಲ್ಲ. ಐಎಸ್‌ಓ ಪ್ರಕಾರ ನೀಲಿ ಅಂದ್ರೆ ಪಿ, ಸ್ಟೀಲು: ಎಂಎಸ್ (ಮೆತ್ತನೆ ಮೈಲ್ಡ್ ಸ್ಟೀಲು), ಅದಕ್ಕಿಂತ ಗಟ್ಟಿಯಾದ ಇಎನ್ 8, ಇಎನ್ 24 ಎಲ್ಲ ಇದ್ರಲ್ಲೇ. ಹಳದಿ ಎಂ, ಸ್ಟೇನ್‌ಲೆಸ್ಸು. ಕೆಂಪು ಕೆ, ಬೀಡು ಅಂದ್ರೆ ಕಾಸ್ಟ್ ಐರನ್. ಹಸಿರು ಎನ್, ಅಲ್ಯೂಮಿನಿಯಂ ಹಿತ್ತಾಳೆ ತಾಮ್ರ. ಎಸ್ ಅನ್ನೋದು ಟೈಟಾನಿಯಂ, ಇಂಕೊನೆಲ್ ಥರದ್ದು, ಬೂದು ಬಣ್ಣದ ಎಚ್ ಅಂದ್ರೆ ಹಾರ್ಡನಿಂಗ್ ಆಗಿ ಬಂದಿರೋ ಜಾಬು.

ಅಕ್ಷರದ ಪಕ್ಕ ನಂಬರ್ ಇರುತ್ತೆ, ಪಿ 10, ಪಿ 25, ಪಿ 40 ಹಿಂಗೆ. ನಂಬರ್ ಚಿಕ್ಕದಾದಷ್ಟೂ ಗಡಸು, ಸವೆಯೋದು ಕಮ್ಮಿ, ಆದ್ರೆ ಪೆಟ್ಟು ತಡೆಯಲ್ಲ. ದೊಡ್ಡದಾದಷ್ಟೂ ಪೆಟ್ಟು ತಡೆಯುತ್ತೆ, ಆದ್ರೆ ಬೇಗ ಸವೆಯುತ್ತೆ. ಮಿಲ್ಲಿಂಗಲ್ಲಿ ಪ್ರತಿ ಸುತ್ತಿಗೂ ಪ್ರತಿ ಹಲ್ಲು ಜಾಬಿಗೆ ಬಡಿದು ಒಳಗೆ ಹೋಗಿ ಹೊರಗೆ ಬರ್ತಾ ಇರುತ್ತೆ, ಲೇಥ್ ಥರ ಒಂದೇ ಸಮ ಕಟ್ಟಿಂಗ್ ಇಲ್ಲ, ಅದಕ್ಕೇ ಇಲ್ಲಿ 25ರಿಂದ 40ರ ಕಡೆಯ ಗ್ರೇಡೇ ಜಾಸ್ತಿ ಓಡೋದು. ಲೇಥಿಗೆ ತಂದ ಗಡಸು ಗ್ರೇಡು ಚೆನ್ನಾಗಿ ಬಂತು ಅಂತ ಅದನ್ನೇ ಮಿಲ್ಲಿಂಗಿಗೂ ಕೇಳಬೇಡಿ.

ಪಾರ್ಟಿ "ಎಂಎಸ್ಸೇ ಸಾರ್" ಅಂತ ಕೊಟ್ಟು ಹೋಗಿದ್ದು ಎಷ್ಟೋ ಸಲ ಇಎನ್ 8 ಆಗಿರುತ್ತೆ, ಇಲ್ಲಾ ಗ್ಯಾಸ್ ಕಟಿಂಗ್ ಮಾಡಿದ ಪ್ಲೇಟು, ಅಂಚೆಲ್ಲ ಉರಿದು ಗಟ್ಟಿಯಾಗಿರುತ್ತೆ. ಒಂದು ಫೈಲ್ ತಗೊಂಡು ಮೂಲೆಗೆ ಉಜ್ಜಿ ನೋಡಿ, ಜಾರಿದ್ರೆ ಹುಷಾರು. ಎರಡು ನಿಮಿಷದ ಕೆಲಸ, ಒಂದು ಸೆಟ್ ಇನ್ಸರ್ಟ್ ಉಳಿಯುತ್ತೆ.

ಸ್ಟೆಪ್ 2: ನಿಮ್ಮ ಮಷಿನ್ನಿನ ತಾಕತ್ತು ಎಷ್ಟು

ಇಲ್ಲೇ ಜಾಸ್ತಿ ಜನ ಎಡವೋದು. ದೊಡ್ಡ ಕಟರ್ ಹಾಕಿದ್ರೆ ಬೇಗ ಮುಗಿಯುತ್ತೆ ಅಂತ ವಿಎಂಸಿಗೆ 100 ಎಂಎಂ ಫೇಸ್ ಮಿಲ್ (ಮೇಲ್ಮೈ ಸಮ ಮಾಡೋ ಅಗಲದ ಕಟರು) ತಂದು ಕೂರಿಸ್ತಾರೆ. ಲೆಕ್ಕ ನೋಡಿ. ಆರ್‌ಪಿಎಂ ಬೇಕಂದ್ರೆ ಕಟ್ಟಿಂಗ್ ಸ್ಪೀಡನ್ನ 318ರಿಂದ ಗುಣಿಸಿ ಕಟರ್ ಡಯಾದಿಂದ ಭಾಗಿಸಿ. ಇಎನ್ 8ಗೆ ನಿಮಿಷಕ್ಕೆ 180 ಮೀಟರ್ ಇಟ್ಕೊಂಡ್ರೆ 100 ಎಂಎಂ ಕಟರಿಗೆ ಬರೋದು ಬರೀ 572 ಆರ್‌ಪಿಎಂ. ಮಷಿನ್ ಮೇಲೆ 7.5 ಕಿಲೋವ್ಯಾಟ್ ಅಂತ ಬರೆದಿರೋದು ಸ್ಪಿಂಡಲ್ (ಕಟರ್ ತಿರುಗಿಸೋ ದಂಡ) ತನ್ನ ಬೇಸ್ ಸ್ಪೀಡ್, ಅಂದ್ರೆ ಪೂರ್ತಿ ಪವರ್ ಸಿಗೋ ಆರ್‌ಪಿಎಂ, ಮುಟ್ಟಿದ ಮೇಲೆ, ಅದು 1500 ಅಂತ ಇದ್ರೆ 572ರಲ್ಲಿ ನಿಮಗೆ ಸಿಗೋದು 3 ಕಿಲೋವ್ಯಾಟಿಗೂ ಕಮ್ಮಿ. ಸ್ಪಿಂಡಲ್ ಲೋಡ್ ಮೀಟರ್ ಕೆಂಪಿಗೆ ಹೋಗುತ್ತೆ, ಆಪರೇಟರ್ ಫೀಡ್ (ಜಾಬ್ ಮುಂದೆ ಸರಿಯೋ ವೇಗ) ಇಳಿಸ್ತಾನೆ, ಇನ್ಸರ್ಟ್ ಕಡಿಯೋದು ಬಿಟ್ಟು ಉಜ್ಜೋಕೆ ಶುರು ಮಾಡುತ್ತೆ, ಸಾಯಂಕಾಲಕ್ಕೆ ಎಲ್ಲ ಮೊಂಡು. ಆಮೇಲೆ ಬೈಯೋದು ಇನ್ಸರ್ಟ್ ಕಂಪನಿಗೆ.

ಅದೇ 50 ಎಂಎಂ ಕಟರ್ ಹಾಕಿ, 1145 ಆರ್‌ಪಿಎಂ. 4 ಹಲ್ಲು, ಹಲ್ಲಿಗೆ 0.12 ಎಂಎಂ ಫೀಡು ಅಂದ್ರೆ ಮೂರನ್ನೂ ಗುಣಿಸಿ, ನಿಮಿಷಕ್ಕೆ 550 ಎಂಎಂ. 40 ಎಂಎಂ ಅಗಲ, 3 ಎಂಎಂ ಡೆಪ್ತ್ ತಗೊಂಡ್ರೆ ನಿಮಿಷಕ್ಕೆ 66 ಸಿಸಿ ಲೋಹ ಹೊರಗೆ ಬರುತ್ತೆ. ಸಾಮಾನ್ಯ ಸ್ಟೀಲಿಗೆ ನಾನು ಇಟ್ಕೊಂಡಿರೋ ದಪ್ಪ ಲೆಕ್ಕ 30 ಸಿಸಿಗೆ 1 ಕಿಲೋವ್ಯಾಟ್, ಅಂದ್ರೆ ಇದಕ್ಕೆ 2.2 ಸಾಕು. ಮಷಿನ್ ಆರಾಮಾಗಿ ಓಡುತ್ತೆ. ಬಿಟಿ 40ಗೆ 50 ಇಲ್ಲಾ 63 ಎಂಎಂ ಕಟರ್ ಇಟ್ಕೊಂಡ್ರೆ ಮುಕ್ಕಾಲು ಕೆಲಸ ಆಗುತ್ತೆ, 80 ಅಂದ್ರೆ ಲೈಟ್ ಫಿನಿಶಿಂಗಿಗೆ. ಇದು ನನ್ನ ಅಭಿಪ್ರಾಯ, ದೊಡ್ಡ ಮಷಿನ್ ಇರೋರು ನಗಬಹುದು.

ಹಲ್ಲಿನ ಲೆಕ್ಕನೂ ಇಲ್ಲೇ ಬರುತ್ತೆ. ಹಲ್ಲು ಜಾಸ್ತಿ ಇದ್ರೆ ಟೇಬಲ್ ಫೀಡ್ ಜಾಸ್ತಿ ಕೊಡಬಹುದು ಸರಿ, ಆದ್ರೆ ಪವರ್ ಜಾಸ್ತಿ ತಿನ್ನುತ್ತೆ, ಚಿಪ್ ಹೋಗೋಕೆ ಜಾಗ ಇರಲ್ಲ, ಅಲುಗಾಟ ಇರೋ ಸೆಟಪ್ಪಲ್ಲಿ ಚಾಟರ್ (ಗಡಗಡ ನಡುಕ) ಬರುತ್ತೆ. ಬೀಡಿಗೆ ಚಿಪ್ ಪುಡಿಪುಡಿ ಆಗೋದ್ರಿಂದ ಹಲ್ಲು ಜಾಸ್ತಿ ಇರ್ಲಿ. ಉದ್ದ ಹೊರಗೆ ಚಾಚಿದ ಕಟರಿಗೆ, ಫುಲ್ ಸ್ಲಾಟಿಗೆ, ಹಳೇ ಮಷಿನ್ನಿಗೆ ಹಲ್ಲು ಕಮ್ಮಿ ಇರ್ಲಿ.

ಹಳೇ ಮಷಿನ್ ಅಂದೆ ನೋಡಿ, ಕ್ಲೈಂಬ್ ಮಿಲ್ಲಿಂಗ್, ಅಂದ್ರೆ ಹಲ್ಲು ತಿರುಗೋ ದಿಕ್ಕಲ್ಲೇ ಜಾಬೂ ಸರಿಯೋದು, ಅದರ ಬಗ್ಗೆ ಒಂದು ಮಾತು. ಕಾರ್ಬೈಡಿಗೆ ಇಷ್ಟ ಆಗೋದು ದಪ್ಪ ಚಿಪ್ಪಿಂದ ಶುರುವಾಗಿ ತೆಳ್ಳಗೆ ಮುಗಿಯೋ ಕ್ಲೈಂಬೇ, ವಿಎಂಸಿಲಿ ಯಾವಾಗ್ಲೂ ಅದೇ ಮಾಡಿ. ಆದ್ರೆ ಟೇಬಲ್ ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇರೋ ಕನ್ವೆನ್ಷನಲ್ ಮಷಿನ್ನಲ್ಲಿ ಕ್ಲೈಂಬ್ ಹೊಡೆದ್ರೆ ಕಟರು ಟೇಬಲ್ಲನ್ನೇ ಒಳಗೆ ಎಳ್ಕೊಳ್ಳುತ್ತೆ. ನಮ್ಮ ಎಫ್‌ಎನ್ 2ಲಿ ಒಂದ್ಸಲ ಹಿಂಗಾಗಿ ಮೂರು ಇನ್ಸರ್ಟು, ಒಂದು ವೈಸ್ ದವಡೆ, ಜೊತೆಗೆ ನನ್ನ ಎರಡು ರಾತ್ರಿ ನಿದ್ದೆ ಹೋಯ್ತು.

ಸ್ಟೆಪ್ 3: ಕಟರ್ ಆಕಾರ, ಅಂದ್ರೆ ಆಂಗಲ್ಲು

ಬರೀ ಮೇಲ್ಮೈ ಫೇಸಿಂಗ್ ಇದ್ರೆ ಕಡಿಯೋ ಅಂಚು 45 ಡಿಗ್ರಿ ಓರೆ ಇರೋ ಕಟರ್ ತಗೊಳ್ಳಿ. ನುಣ್ಣಗೆ ಒಳಗೆ ಹೋಗುತ್ತೆ, ಬೀಡಿನ ಅಂಚು ಕಿತ್ಕೊಂಡು ಬರಲ್ಲ, ಮತ್ತೆ ಇನ್ನೊಂದು ಲಾಭ ಇದೆ: ಅಂಚು ಓರೆ ಇರೋದ್ರಿಂದ ಹಲ್ಲಿಗೆ 0.2 ಫೀಡ್ ಕೊಟ್ರೂ ನಿಜವಾದ ಚಿಪ್ ದಪ್ಪ 0.14 ಅಷ್ಟೇ, ಅಂದ್ರೆ ಅದೇ ದಪ್ಪಕ್ಕೆ ಫೀಡನ್ನ 1.4 ಪಟ್ಟು ಏರಿಸಬಹುದು. ಜಾಬಲ್ಲಿ ಮೆಟ್ಟಿಲು ಥರ ಸ್ಟೆಪ್ ಇದ್ರೆ, ಪಕ್ಕದ ಗೋಡೆ ನೇರ ಬರಬೇಕಂದ್ರೆ 90 ಡಿಗ್ರಿ ಶೋಲ್ಡರ್ ಕಟರೇ ಬೇಕು, ತೆಳ್ಳಗಿರೋ ಜಾಬಿಗೂ ಅದೇ, ಯಾಕಂದ್ರೆ 45 ಡಿಗ್ರಿದು ಜಾಬನ್ನ ಕೆಳಗೆ ಒತ್ತುತ್ತೆ, ತಗಡು ಥರ ಇರೋದು ಬಗ್ಗುತ್ತೆ. ದುಂಡು ಇನ್ಸರ್ಟ್ ತುಂಬಾ ಗಟ್ಟಿ, ಗ್ಯಾಸ್ ಕಟಿಂಗ್ ಪ್ಲೇಟು, ಡೈ ಕೆಲಸ ಇಂಥದ್ದಕ್ಕೆ ಒಳ್ಳೇದು. ಹೈ ಫೀಡ್ ಕಟರ್ ಅಂತ ಬರುತ್ತಲ್ಲ, ಅದು 10ರಿಂದ 15 ಡಿಗ್ರಿ, ಡೆಪ್ತು 1 ಎಂಎಂ ಆಸುಪಾಸು ಅಷ್ಟೇ ಆದ್ರೆ ಫೀಡು ಜಾಸ್ತಿ ಕೊಡಬಹುದು, ಒತ್ತಡ ಎಲ್ಲ ಸ್ಪಿಂಡಲ್ ಕಡೆಗೆ ಮೇಲಕ್ಕೆ ಹೋಗೋದ್ರಿಂದ ಆಳವಾದ ಪಾಕೆಟ್ಟಿಗೆ ಉದ್ದ ಕಟರ್ ಹಾಕಿದ್ರೂ ಅಲುಗಾಡಲ್ಲ.

ಒಂದೇ ಕಟರ್ ತಗೊಳ್ಳೋಕೆ ದುಡ್ಡಿದೆ ಅನ್ನೋರು 90 ಡಿಗ್ರಿದೇ ತಗೊಳ್ಳಿ, ಎಲ್ಲಾದಕ್ಕೂ ಆಗುತ್ತೆ.

ಡಯಾ ಎಷ್ಟಿರಬೇಕು? ಕಡಿಯೋ ಅಗಲದ 1.2ರಿಂದ 1.5 ಪಟ್ಟು. ಕಟರನ್ನ ಜಾಬಿನ ಸೆಂಟರಲ್ಲಿ ಸರಿಯಾಗಿ ಕೂರಿಸಬೇಡಿ, ಸ್ವಲ್ಪ ಪಕ್ಕಕ್ಕೆ ಸರಿಸಿ, ನಡುವೆ ಇಟ್ರೆ ಹಲ್ಲು ಒಳಗೆ ಹೋಗೋವಾಗ ಹೊರಗೆ ಬರೋವಾಗ ಒತ್ತಡ ಆ ಕಡೆ ಈ ಕಡೆ ತೂಗಾಡಿ ಚಾಟರ್ ಬರುತ್ತೆ. ಜಾಬಿಗೆ ನೇರ ನುಗ್ಗಿಸೋ ಬದಲು ಪ್ರೋಗ್ರಾಮಲ್ಲಿ ಒಂದು ಆರ್ಕ್ ಹಾಕಿ ಸುತ್ಕೊಂಡು ಒಳಗೆ ತನ್ನಿ. ಕಾರ್ಬೈಡು ಒತ್ತಿದ್ರೆ ತಡೆಯುತ್ತೆ, ಎಳೆದ್ರೆ ತಡೆಯಲ್ಲ, ಅದಕ್ಕೇ ಹೊರಗೆ ಬರೋ ಹೊತ್ತಲ್ಲಿ ದಪ್ಪ ಚಿಪ್ ಇದ್ರೆ ಮೂಲೆ ಚಕ್ಕೆ ಏಳೋದು. ಎಷ್ಟೋ ಜನಕ್ಕೆ ಇನ್ಸರ್ಟ್ ಬದಲಾಯಿಸದೇನೇ ಇಷ್ಟರಲ್ಲೇ ಲೈಫ್ ಸಿಕ್ಕಿದೆ.

ಸ್ಟೆಪ್ 4: ಈಗ ಇನ್ಸರ್ಟು

ಮೊದ್ಲು ಆ ಅಕ್ಷರಗಳನ್ನ ಓದೋದು ಕಲೀರಿ, ಮಂತ್ರ ಏನಲ್ಲ. ಎಪಿಎಂಟಿ 1604 ಪಿಡಿಇಆರ್ ಅಂತ ಇಟ್ಕೊಳ್ಳಿ. ಮೊದಲನೇ ಎ ಅಂದ್ರೆ ಆಕಾರ, 85 ಡಿಗ್ರಿಯ ಓರೆ ಆಯತ. ಎಸ್ ಇದ್ರೆ ಚೌಕ, ಟಿ ತ್ರಿಕೋನ, ಆರ್ ದುಂಡು, ಓ ಎಂಟು ಮೂಲೆ. ಎರಡನೇದು ಕೆಳಗಿನ ಕ್ಲಿಯರೆನ್ಸ್, ಅಂದ್ರೆ ಅಂಚಿನ ಕೆಳಗೆ ಪಕ್ಕ ಎಷ್ಟು ಓರೆ ಅಂತ, ಪಿ ಅಂದ್ರೆ 11 ಡಿಗ್ರಿ, ಎನ್ ಅಂದ್ರೆ ಸೊನ್ನೆ, ಸೊನ್ನೆ ಇರೋದನ್ನ ಎರಡೂ ಕಡೆ ತಿರುಗಿಸಿ ಬಳಸಬಹುದು. ಮೂರನೇದು ಅಳತೆಯ ಕರಾರುವಾಕ್ಕು, ಎಂ ಅಂದ್ರೆ ಪುಡಿನ ಅಚ್ಚಲ್ಲಿ ಒತ್ತಿ ಸಿಂಟರ್ ಮಾಡಿದ್ದು (ಕಾಯಿಸಿ ಗಟ್ಟಿ ಮಾಡಿದ್ದು), ಜಿ ಅಂದ್ರೆ ಸುತ್ತ ಗ್ರೈಂಡಿಂಗ್ ಆಗಿರೋದು, ರೇಟೂ ಜಾಸ್ತಿ. ನಾಲ್ಕನೇದು ತೂತು ಮತ್ತೆ ಚಿಪ್ ಬ್ರೇಕರ್ ವಿಚಾರ. 16 ಅಂಚಿನ ಉದ್ದ, 04 ಅಂದ್ರೆ ದಪ್ಪ 4.76 ಎಂಎಂ. ಕೊನೇಲಿ ಬರೋ ಇ ತುಂಬಾ ಮುಖ್ಯ, ಅಂಚನ್ನ ಕೂದಲೆಳೆಯಷ್ಟು ದುಂಡು ಮಾಡಿದಾರೆ ಅಂತ ಅರ್ಥ. ಎಫ್ ಇದ್ರೆ ಹರಿತ, ಟಿ ಇದ್ರೆ ಸಣ್ಣ ಚ್ಯಾಂಫರ್ ಹಾಕಿದಾರೆ. ಆರ್ ಅಂದ್ರೆ ಬಲಗೈ ಕಡೆ ತಿರುಗೋ ಕಟರಿಗೆ.

ಅಲ್ಯೂಮಿನಿಯಂಗೆ ಎಫ್, ಪಾಲಿಶ್ ಮಾಡಿದ ಮೇಲ್ಮೈ, ಕೋಟಿಂಗ್ ಬೇಡ. ಕಪ್ಪು-ನೇರಳೆ ಬಣ್ಣದ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಇರೋದನ್ನ ಹಾಕಿದ್ರೆ ಅಂಚಿಗೆ ಅಲ್ಯೂಮಿನಿಯಂ ಮೆತ್ಕೊಂಡು, ಹಂಚಿಗೆ ದೋಸೆ ಅಂಟಿದಂಗೆ, ಕೀಳೋಕೆ ಆಗಲ್ಲ. ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರಲ್ಲಿ ಉದ್ಘಾಟನೆ ಆಯ್ತಲ್ಲ, ಅಂಥ ಕೆಲಸದ ಆಸೆ ಇಟ್ಕೊಂಡಿರೋ ಹುಡುಗ್ರು ಮೊದಲು ಅಲ್ಯೂಮಿನಿಯಂಗೆ ಬೇರೆ ಕಟರ್, ಬೇರೆ ಇನ್ಸರ್ಟ್ ಇಡೋ ಅಭ್ಯಾಸ ಮಾಡ್ಕೊಳ್ಳಿ.

ಕೋಟಿಂಗಲ್ಲಿ ಎರಡು ಜಾತಿ. ಪಿವಿಡಿ ತೆಳ್ಳಗೆ, ಎರಡು ನಾಲ್ಕು ಮೈಕ್ರಾನು, ಅಂಚು ಹರಿತವಾಗೇ ಉಳಿಯುತ್ತೆ, ಪೆಟ್ಟು ತಡೆಯುತ್ತೆ: ಎಂಎಸ್, ಸ್ಟೇನ್‌ಲೆಸ್, ಸಣ್ಣ ಮಷಿನ್ನು ಎಲ್ಲಾದಕ್ಕೂ ಇದೇ ಸರಿ. ಸಿವಿಡಿ ದಪ್ಪ, ಬಿಸಿ ಚೆನ್ನಾಗಿ ತಡೆಯುತ್ತೆ, ಬೀಡನ್ನ ಡ್ರೈ ಆಗಿ ಜೋರು ಸ್ಪೀಡಲ್ಲಿ ಹೊಡೆಯೋರಿಗೆ ಒಳ್ಳೇದು. ಚಿನ್ನದ ಬಣ್ಣ ಇದ್ರೆ ಒಳ್ಳೇದು ಅಂತ ನಂಬೋರು ಇದಾರೆ. ಎಷ್ಟೋ ಇನ್ಸರ್ಟಲ್ಲಿ ಆ ಬಂಗಾರದ ಪದರ ಇರೋದು ಯಾವ ಅಂಚು ಬಳಸಿ ಆಗಿದೆ ಅಂತ ಕಣ್ಣಿಗೆ ಕಾಣ್ಲಿ ಅಂತ ಮಾತ್ರ.

ಸ್ಟೇನ್‌ಲೆಸ್ಸಿಗೆ ಇನ್ನೊಂದು ಎಚ್ಚರಿಕೆ, 304 ಇರ್ಲಿ 316 ಇರ್ಲಿ ಉಜ್ಜಿದ್ರೆ ಮೇಲ್ಮೈ ಗಟ್ಟಿಯಾಗುತ್ತೆ, ಆಮೇಲೆ ಮುಂದಿನ ಹಲ್ಲಿಗೆ ಕಷ್ಟ. ಹೆದರಿ ಫೀಡ್ ಕಮ್ಮಿ ಮಾಡಬೇಡಿ, ಸ್ಪೀಡ್ ಕಮ್ಮಿ ಮಾಡಿ.

ಇದೇ ಥರ ಉಜ್ಜಾಟ ಆಗೋ ಇನ್ನೊಂದು ಜಾಗ ಸೈಡ್ ಮಿಲ್ಲಿಂಗು. 20 ಎಂಎಂ ಕಟರಲ್ಲಿ ಪಕ್ಕದಿಂದ ಬರೀ 1 ಎಂಎಂ ತೆಗೀತಾ ಇದ್ರೆ, ನೀವು ಹಲ್ಲಿಗೆ 0.1 ಅಂತ ಕೊಟ್ಟಿದ್ರೂ ನಿಜವಾದ ಚಿಪ್ 0.044 ಅಷ್ಟೇ. ಫೀಡನ್ನ ಎರಡು ಪಟ್ಟಿಗೂ ಜಾಸ್ತಿ ಮಾಡಬಹುದು, ಮಾಡಲೇಬೇಕು. ಇದನ್ನ ಹೇಳಿದ್ರೆ ಆಪರೇಟರ್‌ಗಳು ನನ್ನ ಮುಖ ನೋಡ್ತಾರೆ, ಹುಚ್ಚನ ಥರ.

ಇನ್ನು ಸೀಟ್, ಅಂದ್ರೆ ಕಟರಲ್ಲಿ ಇನ್ಸರ್ಟ್ ಕೂರೋ ಜಾಗದ ವಿಚಾರ. ಒಂದ್ಸಲ ಬೆಳಗ್ಗೆ ಟ್ರೈನಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್ ಕಡೆ ಒಂದು ಅಂಗಡೀಲಿ "ಅದೇ ಇದು, ಕೂತ್ಕೊಳುತ್ತೆ ತಗೊಳ್ಳಿ" ಅಂದ್ರು ಅಂತ ನೋಡೋಕೆ ಒಂದೇ ಥರ ಇದ್ದ ಬೇರೆ ಮೇಕ್ ಇನ್ಸರ್ಟ್ ಒಂದು ಡಬ್ಬಿ ತಂದೆ. ಎಪಿಎಂಟಿ ಎಪಿಕೆಟಿ ಎರಡೂ 1604 ಅಂತಾನೇ ಇತ್ತು. ಸೀಟಲ್ಲಿ ಇಟ್ಟು ಬೆರಳಲ್ಲಿ ಒತ್ತಿದ್ರೆ ಕಾಣದಷ್ಟು ಅಲುಗಾಟ, ನಾನು ಸ್ಕ್ರೂ ಟೈಟ್ ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಮೂರನೇ ಪಾಸಲ್ಲಿ ಸ್ಕ್ರೂ ಮುರಿದು ಇನ್ಸರ್ಟ್ ಹಾರಿ ಡೋರ್ ಗ್ಲಾಸಿಗೆ ಬಡೀತು, ಕಟರಿನ ಸೀಟೂ ಕಿತ್ತೋಯ್ತು. ತಪ್ಪು ನಂದೇ. ಕಟರ್ ಮೇಲೆ ಯಾವ ಇನ್ಸರ್ಟ್ ಅಂತ ಕೊರೆದಿರ್ತಾರೋ ಅದನ್ನ ಫೋಟೋ ತಗೊಂಡು ಹೋಗಿ, ಆದ್ರೆ ಕಟರನ್ನೇ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಅಂಗಡೀಲೇ ಕೂರಿಸಿ ನೋಡಿ. ಒಂದು ಚೂರು ಅಲುಗಿದ್ರೂ ಬೇಡ.

ರೇಟ್ ನೋಡೋವಾಗ ಇನ್ಸರ್ಟಿಗೆ ಎಷ್ಟು ಅಂತ ಕೇಳಬೇಡಿ, ಒಂದು ಅಂಚಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಲೆಕ್ಕಕ್ಕೆ ಅಂತ ಎರಡು ಅಂಚಿಂದು 200 ರೂಪಾಯಿ, ಎಂಟು ಅಂಚಿಂದು 480 ಅಂದ್ಕೊಳ್ಳಿ, ಮೊದಲನೇದ್ರಲ್ಲಿ ಅಂಚಿಗೆ 100, ಎರಡನೇದ್ರಲ್ಲಿ 60. ಆದ್ರೆ ಎಂಟು ಅಂಚಿನವು ಜಾಸ್ತಿ ಮೊಂಡ ಕೋನದವು, ಪವರ್ ಜಾಸ್ತಿ ಕೇಳ್ತವೆ, ಲೈಟ್ ಮಷಿನ್ನಿಗೆ ಅಷ್ಟು ಹೊಂದಲ್ಲ. ಚೀನಾ 2025ರ ಫೆಬ್ರವರಿಲಿ ಕಾರ್ಬೈಡ್ ಮಾಡೋಕೆ ಬೇಕಾದ ಟಂಗ್‌ಸ್ಟನ್ ರಫ್ತಿಗೆ ಕಡಿವಾಣ ಹಾಕಿತು, ಆಮೇಲೆ ಟಂಗ್‌ಸ್ಟನ್ ರೇಟು ಏರಿದೆ, ಹಂಗಾಗಿ ಈ ಲೆಕ್ಕ ಈಗ ಜಾಸ್ತಿ ಮುಖ್ಯ.

ಸ್ಟೆಪ್ 5: ಕೂರಿಸೋದು, ಓಡಿಸೋದು

ಸೀಟ್ ಒರೆಸಿ, ಗಾಳಿ ಹೊಡೀರಿ, ಒಂದು ಸಣ್ಣ ಚಿಪ್ ಇದ್ರೂ ಇನ್ಸರ್ಟ್ ಸೊಟ್ಟ ಕೂರುತ್ತೆ. ಎಪಿಎಂಟಿ 1135 ಇನ್ಸರ್ಟಿನ ಸ್ಕ್ರೂಗೆ ಟಿ 8 (ನಕ್ಷತ್ರದ ಆಕಾರದ) ಕೀ, 1604ಕ್ಕೆ ಟಿ 15. ಸವೆದ ಕೀ ಎಸೀರಿ, ಅದು ಸ್ಕ್ರೂ ತಲೆ ತಿಂದು ಹಾಕುತ್ತೆ. ಸ್ಕ್ರೂ ಕೂಡ ಸವೆಯೋ ಸಾಮಾನೇ, ಹತ್ತು ಹದಿನೈದು ಸಲ ಬಿಚ್ಚಿ ಹಾಕಿದ ಮೇಲೆ ಬದಲಾಯಿಸಿ. ನಾಲ್ಕರಲ್ಲಿ ಒಂದು ಹೊಸದು ಮೂರು ಹಳೇದು ಹಾಕಬೇಡಿ, ಹೊಸದು ಎತ್ತರ ಇರೋದ್ರಿಂದ ಲೋಡೆಲ್ಲ ಅದರ ತಲೆ ಮೇಲೇ.

ಕಟರ್ ಹೊರಗೆ ಚಾಚಿರೋ ಉದ್ದ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ ಮಾಡಿ. 60 ಎಂಎಂ ಇದ್ದಿದ್ದನ್ನ 80 ಮಾಡಿದ್ರೆ ಅದೇ ಒತ್ತಡಕ್ಕೆ ಬಗ್ಗೋದು 2.4 ಪಟ್ಟು ಜಾಸ್ತಿ ಆಗುತ್ತೆ. 16 ಡಯಾ ಬದಲು 20 ಹಾಕಿದ್ರೆ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಕಮ್ಮಿ ಬಗ್ಗುತ್ತೆ.

ಸ್ಟೀಲಿಗೆ ಕೂಲೆಂಟ್ ಹಾಕೋದಾ ಬೇಡ್ವಾ ಅಂತ ಜಗಳಾನೇ ಆಗುತ್ತೆ. ನನ್ನ ಮಾತು: ಎಂಎಸ್, ಇಎನ್ 8, ಬೀಡಿಗೆ ಇನ್ಸರ್ಟ್ ಕಟರಲ್ಲಿ ರಫಿಂಗ್ ಮಾಡೋವಾಗ ಕೂಲೆಂಟ್ ಬಂದ್ ಮಾಡಿ, ಗಾಳಿ ಹೊಡೀರಿ. ಹಲ್ಲು ಜಾಬಲ್ಲಿ ಕೆಂಪಾಗಿ ಕಾಯ್ದು ಹೊರಗೆ ಬಂದ ತಕ್ಷಣ ತಣ್ಣೀರು ಬಿದ್ರೆ, ಕಾದ ಬಾಣಲೆಗೆ ನೀರು ಹಾಕಿದಂಗೆ, ಅಂಚಿಗೆ ಅಡ್ಡಡ್ಡ ಬಾಚಣಿಗೆ ಹಲ್ಲಿನ ಥರ ಬಿರುಕು ಬಿಡುತ್ತೆ. ಅಲ್ಯೂಮಿನಿಯಂ, ಟೈಟಾನಿಯಂಗೆ ಧಾರಾಳವಾಗಿ ಕೂಲೆಂಟ್ ಹಾಕಿ. ಅರ್ಧಂಬರ್ಧ ತೊಟ್ಟಿಕ್ಕಿಸೋದು ಮಾತ್ರ ಯಾವುದಕ್ಕೂ ಒಳ್ಳೇದಲ್ಲ.

ಸ್ಟೆಪ್ 6: ಸತ್ತ ಇನ್ಸರ್ಟನ್ನ ಓದಿ

ನನಗೆ ಮಿಲ್ಲಿಂಗ್ ಕಲಿಸಿದ ಹಿರಿಯರೊಬ್ರು ಕಾರ್ಬೈಡ್ ಅಂತ ಯಾವತ್ತೂ ಅಂದೋರೇ ಅಲ್ಲ, ವಿಡಿಯಾ ಟಿಪ್ ಅಂತಾನೇ ಅನ್ನೋರು. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರು ಅದು, ವಜ್ರದಂಥದ್ದು ಅಂತ ಅರ್ಥ. ಬೆಂಗಳೂರಿನ ತುಮಕೂರು ರಸ್ತೇಲಿ ಅದರ ಫ್ಯಾಕ್ಟರಿನೇ ಇದ್ದಿದ್ರಿಂದ ಈ ಕಡೆಯೋರ ಬಾಯಲ್ಲಿ ಹಂಗೇ ಉಳ್ಕೊಂಡಿದೆ, ಈಗ ಅದು ಕೆನ್ನಾಮೆಟಲ್. ಅವರು ಬಿಚ್ಚಿದ ಟಿಪ್ಪನ್ನ ಬೆಳಕಿಗೆ ಹಿಡಿದು "ಇದು ಹೆಂಗೆ ಸತ್ತೈತೆ ನೋಡು ಮಗಾ, ಅದೇ ಹೇಳ್ತೈತೆ" ಅನ್ನೋರು. ನಾನು ಈಗ ಒಂದು 10 ಪಟ್ಟು ಲೆನ್ಸ್ ಇಟ್ಕೊಂಡಿದೀನಿ.

ಅಂಚಿನ ಕೆಳಗೆ ಒಂದೇ ಸಮ ಪಟ್ಟಿ ಥರ ಸವೆದಿದ್ರೆ ಎಲ್ಲ ಸರಿ ಇದೆ, ಆ ಪಟ್ಟಿ 0.3 ಎಂಎಂ ಆದ ತಕ್ಷಣ ತಿರುಗಿಸಿ, ಇನ್ನೂ ಎಳೆದ್ರೆ ಮುರಿದು ಉಳಿದ ಅಂಚೂ ಹೋಗುತ್ತೆ. ಆ ಪಟ್ಟಿ ಬೇಗ ಬೇಗ ಬಂದ್ರೆ ಸ್ಪೀಡ್ ಜಾಸ್ತಿ ಆಯ್ತು, ಇಲ್ಲಾ ಗ್ರೇಡ್ ತುಂಬಾ ಮೆತ್ತಗಾಯ್ತು. ಸಣ್ಣ ಸಣ್ಣ ಚಕ್ಕೆ ಎದ್ದಿದ್ರೆ ಅಲುಗಾಟ ನೋಡಿ, ವೈಸ್ ನೋಡಿ, ರನ್‌ಔಟ್ (ಕಟರ್ ಸೆಂಟರ್ ತಪ್ಪಿ ತಿರುಗೋದು) ನೋಡಿ, ಆಮೇಲೆ ಗಟ್ಟಿ ಅಂಚಿನ ಇಲ್ಲಾ ದೊಡ್ಡ ನಂಬರಿನ ಗ್ರೇಡಿಗೆ ಹೋಗಿ. ಲೋಹ ಮೆತ್ಕೊಂಡಿದ್ರೆ ಸ್ಪೀಡ್ ಏರಿಸಿ, ಹರಿತ ಅಂಚು ಹಾಕಿ. ಬಾಚಣಿಗೆ ಬಿರುಕು ಇದ್ರೆ ಕೂಲೆಂಟ್ ಬಂದ್ ಮಾಡಿ. ಮೂಲೆ ಕರಗಿ ಕುಸಿದಂಗಿದ್ರೆ ಬಿಸಿ ಜಾಸ್ತಿ, ಸ್ಪೀಡ್ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ.

ನಮ್ಮ ಮಷಿನ್ ಪಕ್ಕ ಒಂದು ನೋಟ್‌ಬುಕ್ ನೇತಾಕಿದೀವಿ. ತಾರೀಕು, ಮೆಟೀರಿಯಲ್ಲು, ಕಟರ್, ಗ್ರೇಡು, ಆರ್‌ಪಿಎಂ, ಫೀಡು, ಎಷ್ಟು ಜಾಬ್ ಬಂತು, ಹೆಂಗೆ ಹೋಯ್ತು. ಮೊದಲು ಹುಡುಗ್ರು ಬರೀತಿರಲಿಲ್ಲ, ಆಮೇಲೆ ಸೇಲ್ಸ್‌ನೋರು ಬಂದು ನಮ್ಮದು ಹಾಕಿ ಡಬಲ್ ಲೈಫ್ ಬರುತ್ತೆ ಅಂದಾಗ ಆ ಪುಸ್ತಕ ತೆಗೆದು "ಇದಕ್ಕಿಂತ ಡಬಲ್ಲಾ ಸಾರ್?" ಅಂತ ಕೇಳೋದರ ಮಜಾ ಸಿಕ್ಕಿದ ಮೇಲೆ ಅವರೇ ಬರೀತಾರೆ.

ಪೂರ್ತಿ ಸತ್ತ ಇನ್ಸರ್ಟು, ಮುರಿದ ಸಾಲಿಡ್ ಎಂಡ್ ಮಿಲ್ಲು ಇದನ್ನೆಲ್ಲ ಕಬ್ಬಿಣದ ಚಿಪ್ಸ್ ಜೊತೆ ಗುಜರಿಗೆ ಹಾಕಬೇಡಿ, ಬೇರೆ ಡಬ್ಬೀಲಿ ಇಡಿ. ಕಾರ್ಬೈಡ್ ಸ್ಕ್ರ್ಯಾಪ್ ಕೆಜಿ ಲೆಕ್ಕದಲ್ಲಿ ತಗೊಳ್ಳೋರು ಪೀಣ್ಯ ಕಡೆ ಸಿಗ್ತಾರೆ, ಕಬ್ಬಿಣದ ರೇಟಿಗೂ ಅದಕ್ಕೂ ಹೋಲಿಕೆನೇ ಇಲ್ಲ. ಹೋದ್ಸಲ ಡಬ್ಬಿ ತುಂಬಿದ್ದನ್ನ ಕೊಟ್ಟು ಬಂದ ದುಡ್ಡಲ್ಲಿ ಸ್ಕ್ರೂ ಟೈಟ್ ಮಾಡೋಕೆ ಒಂದು ಒಳ್ಳೆ ಟಾರ್ಕ್ ಡ್ರೈವರ್ ತಗೊಂಡ್ವಿ.